ಕಾಣದ ನೀರನ್ನು ಅಳೆಯುವ ಬೆಳಕು

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಕೂಡಲೇ ಉತ್ತರಿಸಬಹುದಾದುವನ್ನು ಒಂದು ಕಡೆಗೂ, ಯೋಚಿಸಿ ಉತ್ತರಿಸಬೇಕಾದುವನ್ನು ಇನ್ನೊಂದು ಕಡೆಗೂ ಇಡುವುದು ನನ್ನ ವಾಡಿಕೆ. ಎರಡನೆಯ ಕಟ್ಟಿನಲ್ಲಿ ಒಂದು ಪತ್ರ ಬಹು ದಿನಗಳಿಂದ ಕುಳಿತಿದೆ. ಬರೆದವರು ರಾಗಿ ಬೆಳೆಯುವ ಸೀಮೆಯ ಒಬ್ಬ ರೈತರು. ಕಣವನ್ನು ಸಗಣಿಯಿಂದ ಸಾರಿಸಿ, ಮೆದೆ ಕಿತ್ತು, ಒಕ್ಕಣೆಗೆಂದು ತೆನೆ ಹರವಿದ ದಿನದ ಕಥೆ ಅದರಲ್ಲಿದೆ.

“ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗಿತ್ತು. ಮೂರು ಗಂಟೆಗೆ ಮೋಡ ಕಟ್ಟಿತು. ನಾಲ್ಕು ಗಂಟೆಗೆ ಕಣವೆಲ್ಲ ಕೆರೆಯಾಯಿತು. ಚಂದ್ರನವರೆಗೆ ಹೋಗಿ ಬಂದ ಮನುಷ್ಯ ತನ್ನ ತಲೆಯ ಮೇಲಿರುವ ನೀರನ್ನು ಅಳೆಯಲಾರನೆ? ಸ್ವಾಮಿ, ಅಷ್ಟು ನೀರು ಬೆಳಿಗ್ಗೆ ಎಲ್ಲಿತ್ತು?”

ನಷ್ಟದ ಲೆಕ್ಕವನ್ನು ಅವರು ಬರೆದಿಲ್ಲ. ನೆನೆದ ರಾಗಿ ಕಪ್ಪಾಗಿ ಮೊಳಕೆಯೊಡೆದುದನ್ನು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ್ದಾರೆ. ಆದರೆ ಅವರ ಕೊನೆಯ ಪ್ರಶ್ನೆಯಿದೆಯಲ್ಲ, ಅದು ಪಂಡಿತರ ಪ್ರಶ್ನೆ. ಹವಾಮಾನ ಶಾಸ್ತ್ರಜ್ಞರು ನೂರು ವರ್ಷಗಳಿಗೂ ಮೇಲ್ಪಟ್ಟು ಕೇಳಿಕೊಳ್ಳುತ್ತಿರುವುದೂ ಅದನ್ನೇ. ಈ ವಾರದ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ.

ಬೆಳಿಗ್ಗೆ ಎಲ್ಲಿತ್ತು?

ಆ ನೀರು ಬೆಳಿಗ್ಗೆಯೂ ಗಾಳಿಯಲ್ಲಿಯೇ ಇತ್ತು. ಅವರ ಹೊಲದ ಮೇಲಿತ್ತು, ಅಕ್ಕಪಕ್ಕದ ಊರುಗಳ ಮೇಲಿತ್ತು. ಕಣ್ಣಿಗೆ ಕಾಣಿಸಲಿಲ್ಲ, ಅಷ್ಟೆ. ನೀರು ಆವಿಯಾದಾಗ ಅದಕ್ಕೆ ಬಣ್ಣವಿಲ್ಲ, ರೂಪವಿಲ್ಲ. ಕಾಫಿಗೆ ನೀರು ಕುದಿಯುತ್ತಿರುವ ಕೆಟಲಿನ ಮೂತಿಯನ್ನು ಗಮನವಿಟ್ಟು ನೋಡಿ. ಬಿಳಿಯ ಉಗಿ ಮೂತಿಯ ಅಂಚಿನಲ್ಲಿಯೇ ತೊಡಗುವುದಿಲ್ಲ. ಒಂದು ಬೆರಳಿನಷ್ಟು ಬರಿದಾದ ಜಾಗವನ್ನು ಬಿಟ್ಟು ಆಚೆಗೆ ತೊಡಗುತ್ತದೆ. ನಾವು ಉಗಿ ಎನ್ನುವ ಬಿಳುಪು ಆಗಲೇ ತಣಿದು ಹನಿಗೂಡಿದ ನೀರು. ನಿಜವಾದ ಆವಿಯಿರುವುದು ಏನೂ ಇಲ್ಲವೆಂದು ತೋರುವ ಆ ಒಂದು ಬೆರಳಿನ ಜಾಗದಲ್ಲಿ. ಮೋಡಕ್ಕೂ ಆಕಾಶಕ್ಕೂ ಇರುವ ಸಂಬಂಧ ಇದೇ. ಮೋಡವೆಂಬುದು ಆವಿಯ ಕಥೆಯ ಕೊನೆಯ ಅಧ್ಯಾಯ. ಮೊದಲ ಅಧ್ಯಾಯಗಳೆಲ್ಲ ಶುಭ್ರವಾದ ಆಕಾಶದಲ್ಲಿ ಕಾಣದೆ ನಡೆದುಹೋಗಿರುತ್ತವೆ.

ಈ ಕಾಣದ ನೀರು ಎಷ್ಟು? ಭೂಮಂಡಲದ ಸರಾಸರಿಯನ್ನು ತೆಗೆದುಕೊಂಡರೆ, ತಲೆಯ ಮೇಲಿನ ಗಾಳಿಯಲ್ಲಿರುವ ಆವಿಯನ್ನೆಲ್ಲ ಹನಿಗೂಡಿಸಿ ನೆಲದ ಮೇಲೆ ಹರವಿದಲ್ಲಿ ಸುಮಾರು 25 ಮಿಲಿಮೀಟರ್ ಆಳದ ನೀರಾದೀತು. ಒಂದು ಅಂಗುಲವಷ್ಟೆ ಎಂದು ಉಪೇಕ್ಷೆ ಮಾಡಬಾರದು. ಒಂದು ಎಕರೆ ಹೊಲದ ಲೆಕ್ಕ ಹಾಕಿದರೆ ಅದು ಸುಮಾರು ಒಂದು ಲಕ್ಷ ಲೀಟರ್ ಆಗುತ್ತದೆ. ಮುಂಗಾರಿನ ದಿನಗಳಲ್ಲಿ ನಮ್ಮ ಕರಾವಳಿಯ ಮೇಲೆ ಇದರ ಎರಡರಷ್ಟು ಇರುವುದುಂಟು. ಈ ಆವಿಯ ಅರ್ಧಕ್ಕೂ ಹೆಚ್ಚು ಪಾಲು ಕೆಳಗಿನ ಎರಡು ಮೂರು ಕಿಲೋಮೀಟರುಗಳಲ್ಲಿಯೇ ಅಡಗಿರುತ್ತದೆ. ಒಮ್ಮೆ ಗಾಳಿಗೆ ಸೇರಿದ ನೀರು ಸರಾಸರಿ ಎಂಟು ಹತ್ತು ದಿನಗಳಲ್ಲಿ ಮತ್ತೆ ನೆಲಕ್ಕೆ ಇಳಿಯುತ್ತದೆ.

ಗಾಳಿ ಆವಿಯನ್ನು ಹೊರುವ ಶಕ್ತಿ ಅದರ ಶಾಖವನ್ನು ಅವಲಂಬಿಸಿದೆ. ಸಮುದ್ರಮಟ್ಟದ ಒತ್ತಡದಲ್ಲಿ, 30 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿರುವ ಒಂದು ಕಿಲೋಗ್ರಾಂ ಗಾಳಿ ಸುಮಾರು 27 ಗ್ರಾಂ ಆವಿಯನ್ನು ಹೊತ್ತೀತು. 20 ಡಿಗ್ರಿಗೆ ತಣಿದರೆ 15 ಗ್ರಾಂ ಮಾತ್ರ. ಹೊರಲಾರದ ಪಾಲು ಹನಿಯಾಗಲೇಬೇಕು. ನೆಲದಿಂದ ಮೇಲೇರಿದ ಗಾಳಿ ಹಿಗ್ಗಿ ತಣಿಯುತ್ತದೆ, ಮೋಡ ಹುಟ್ಟುತ್ತದೆ. ಹನಿಗೂಡುವಾಗ ಆವಿಯಲ್ಲಿ ಹುದುಗಿದ್ದ ಶಾಖ ಹೊರಬಿದ್ದು ಗಾಳಿಯನ್ನು ಇನ್ನೂ ಮೇಲಕ್ಕೆ ತಳ್ಳುತ್ತದೆ. ಆದ್ದರಿಂದ ಆವಿಯು ಮಳೆಯ ಸರಕು ಮಾತ್ರವಲ್ಲ, ಮಳೆಯ ಸೌದೆಯೂ ಹೌದು. ಬಿಸಿಲ ದಿನದ ಮಧ್ಯಾಹ್ನ ಒಂದು ಮೋಡ ಸುಮ್ಮನೆ ಚೆದರಿಹೋಗುವುದೋ, ಗುಡುಗಿ ಸುರಿಯುವುದೋ ಎಂಬುದು ಕೆಲವೊಮ್ಮೆ ಒಂದು ಕಿಲೋಗ್ರಾಂ ಗಾಳಿಗೆ ಒಂದು ಗ್ರಾಂ ಆವಿ ಹೆಚ್ಚೋ ಕಡಮೆಯೋ ಎಂಬಷ್ಟರ ಮೇಲೆ ನಿಂತಿರುತ್ತದೆ. ನಮ್ಮ ರೈತ ಮಿತ್ರರ ರಾಗಿಯನ್ನು ಕೆಡಿಸಿದುದು ಬಹುಶಃ ಆ ಒಂದು ಗ್ರಾಂ.

ಎರಡು ಹೊತ್ತಿನ ಬಲೂನು

ಹಾಗಾದರೆ ಆ ಒಂದು ಗ್ರಾಂ ಅನ್ನು ಅಳೆಯಬಾರದೇಕೆ? ಅಳೆಯುತ್ತಾರೆ. ಜಗತ್ತಿನ ನೂರಾರು ಹವಾಮಾನ ಕೇಂದ್ರಗಳಿಂದ ಪ್ರತಿದಿನವೂ ಜಲಜನಕ ಅಥವಾ ಹೀಲಿಯಂ ತುಂಬಿದ ಬಲೂನುಗಳನ್ನು ಮೇಲಕ್ಕೆ ಬಿಡುತ್ತಾರೆ. ಅವಕ್ಕೆ ಕಟ್ಟಿದ ಪುಟ್ಟ ಪೆಟ್ಟಿಗೆ ಶಾಖ, ಒತ್ತಡ, ತೇವಗಳನ್ನು ಅಳೆಯುತ್ತ, ರೇಡಿಯೊ ಮೂಲಕ ನೆಲಕ್ಕೆ ವರದಿ ಕಳುಹಿಸುತ್ತ ಏರುತ್ತದೆ. ಬಲೂನು ಕೊನೆಗೆ ಒಡೆಯುತ್ತದೆ. ಪೆಟ್ಟಿಗೆ ಎಲ್ಲಿಯೋ ಬೀಳುತ್ತದೆ.

ಇದು ಬಹಳ ನಂಬಿಕೆಯ ವಿಧಾನ. ಆದರೆ ಸಾಮಾನ್ಯವಾಗಿ ಈ ಬಲೂನುಗಳು ಏರುವುದು ದಿನಕ್ಕೆ ಎರಡು ಸಲ. ಜಗತ್ತಿನ ಕೇಂದ್ರಗಳೆಲ್ಲ ಗ್ರೀನಿಚ್ಚಿನ ಒಂದೇ ಗಡಿಯಾರಕ್ಕೆ ಕಟ್ಟುಬಿದ್ದಿರುವುದರಿಂದ ನಮ್ಮ ದೇಶದಲ್ಲಿ ಅದು ಬೆಳಗಿನ ಐದೂವರೆ ಮತ್ತು ಸಂಜೆಯ ಐದೂವರೆಯ ಸುಮಾರಿಗೆ ಬರುತ್ತದೆ. ನಡುವಣ ಹನ್ನೆರಡು ಗಂಟೆಗಳಲ್ಲಿ ಏನೇನು ನಡೆದರೂ ಈ ಲೆಕ್ಕಕ್ಕೆ ಸಿಕ್ಕುವುದಿಲ್ಲ. ಬೆಳಗಿನ ಬಲೂನು ಏರಿದ ಮೇಲೆ ಒಗ್ಗೂಡಿ, ಸಂಜೆಯ ಬಲೂನು ಏರುವ ಮೊದಲೇ ಸುರಿದುಹೋದ ಮಳೆಗೆ ಅದು ಸಾಕ್ಷಿಯಾಗುವುದು ಹೇಗೆ? ಹಾಲು ಉಕ್ಕುವುದನ್ನು ಕಾಯಲು ದಿನಕ್ಕೆ ಎರಡೇ ಸಲ ಒಲೆಯ ಬಳಿಗೆ ಹೋದಂತೆ.

ಆದ್ದರಿಂದ ಆವಿಯನ್ನು ನಿಮಿಷ ನಿಮಿಷಕ್ಕೂ, ನೆಲದ ಮೇಲೆ ನಿಂತೇ, ಕೈಗೆಟುಕದ ಎತ್ತರಗಳಲ್ಲಿ ಅಳೆಯುವ ಉಪಾಯ ಬೇಕಾಯಿತು. ಅದರ ಮೂಲವನ್ನು ನಮ್ಮ ಹಳೆಯ ಮನೆಗಳ ಅಡುಗೆ ಕೋಣೆಯಲ್ಲಿಯೇ ನೋಡಬಹುದು.

ಬೆಳಕಿಂಡಿಯ ಕೋಲು

ಹೆಂಚಿನ ಮನೆಯ ಕತ್ತಲೆಯ ಅಡುಗೆ ಕೋಣೆಗೆ ಬೆಳಕಿಂಡಿಯಿಂದ ಬಿಸಿಲಿಳಿಯುವುದನ್ನು ನೋಡದವರಾರು? ಗಾಳಿಯಲ್ಲಿ ಬಿಸಿಲು ಕೋಲಿನಂತೆ ನಿಲ್ಲುತ್ತದೆ. ಆ ಕೋಲಿನೊಳಗೆ ದೂಳಿನ ಕಣಗಳು ಕುಣಿಯುತ್ತವೆ. ಬಿಸಿಲು ನಮ್ಮ ಕಡೆಗೆ ಬರುತ್ತಿಲ್ಲ. ನೆಲದ ಕಡೆಗೆ ಹೋಗುತ್ತಿದೆ. ಆದರೂ ಕಾಣುತ್ತದೆ, ಏಕೆಂದರೆ ದೂಳಿನ ಒಂದೊಂದು ಕಣವೂ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಎಳ್ಳಷ್ಟನ್ನು ಸುತ್ತಲೂ ಚೆದರಿಸುತ್ತದೆ. ಒಲೆಯ ಹೊಗೆ ಆ ಕೋಲಿಗೆ ಅಡ್ಡ ಬಂದಾಗ ಅದು ಇನ್ನೂ ಉಜ್ವಲವಾಗುತ್ತದೆ. ಬೆಳಕು ಎಷ್ಟು ಚೆದರಿತು ಎಂಬುದರಿಂದ ಹೊಗೆ ಎಷ್ಟಿದೆಯೆಂದು ಊಹಿಸಬಹುದೆಂಬುದು ಅಡುಗೆಯವರಿಗೂ ಗೊತ್ತಾದ ಸಂಗತಿ.

ಗಾಳಿಯ ಅಣುಗಳೂ ಹೀಗೆಯೇ ಬೆಳಕನ್ನು ಚೆದರಿಸುತ್ತವೆ. ನೀಲಿಯನ್ನು ಕೆಂಪಿಗಿಂತ ಬಹಳ ಹೆಚ್ಚಾಗಿ ಚೆದರಿಸುವುದರಿಂದ ಆಕಾಶ ನೀಲಿಯಾಗಿದೆಯೆಂದು 1871ರಲ್ಲಿ ಇಂಗ್ಲೆಂಡಿನ ಲಾರ್ಡ್ ರ‍್ಯಾಲೆ ಗಣಿತದಿಂದ ತೋರಿಸಿಕೊಟ್ಟರು. ಈ ಚೆದರಿಕೆಯಿಂದ ವಾಯುಮಂಡಲವನ್ನು ಅಳೆಯುವ ಯೋಚನೆ 1930ರಲ್ಲಿ ಐರ್ಲೆಂಡಿನ ಸಿಂಜ್ ಎಂಬುವರಿಗೆ ಹೊಳೆಯಿತು. ಯುದ್ಧದಲ್ಲಿ ವಿಮಾನಗಳನ್ನು ಹುಡುಕುವ ಸರ್ಚ್‌ಲೈಟುಗಳನ್ನು ಆಕಾಶಕ್ಕೆ ತಿರುಗಿಸಿ, ಹಿಂದಿರುಗಿದ ಮಂಕು ಬೆಳಕಿನಿಂದ ಮೇಲಿನ ಗಾಳಿಯ ಸಾಂದ್ರತೆಯನ್ನು ತಿಳಿಯಬಹುದೆಂದು ಅವರು ಸೂಚಿಸಿದರು. 1937ರಲ್ಲಿ ಅಮೆರಿಕದ ಹಲ್‌ಬರ್ಟ್ ಸರ್ಚ್‌ಲೈಟಿನ ಕಂಬವನ್ನು 28 ಕಿಲೋಮೀಟರ್ ಎತ್ತರದವರೆಗೂ ಛಾಯಾಚಿತ್ರದಲ್ಲಿ ಹಿಡಿದರು.

ಆದರೆ ಸರ್ಚ್‌ಲೈಟಿನ ಬೆಳಕು ಮೇಲಕ್ಕೆ ಹೋದಂತೆಲ್ಲ ಹರಡಿಕೊಳ್ಳುತ್ತದೆ. ಅದರಲ್ಲಿ ಎಲ್ಲ ಬಣ್ಣಗಳೂ ಬೆರೆತಿರುತ್ತವೆ. ಕೂದಲೆಳೆಯಂತೆ ನೇರವಾಗಿ ಹೋಗುವ, ಒಂದೇ ಬಣ್ಣದ, ಒಂದು ಕ್ಷಣದ ಕೋಟ್ಯಂಶದಲ್ಲಿ ಹೊಡೆದು ನಿಲ್ಲುವ ಬೆಳಕು ಬೇಕಾಗಿತ್ತು. 1960ರ ಮೇ 16ರಂದು ಅಮೆರಿಕದ ಥಿಯೊಡೋರ್ ಮೈಮನ್ ಮಾಣಿಕ್ಯದ ಹರಳಿನಿಂದ ಮೊದಲ ಲೇಸರ್ ಕಿರಣವನ್ನು ಹೊರಡಿಸಿದರು. ಮೂರೇ ವರ್ಷಗಳಲ್ಲಿ, 1963ರಲ್ಲಿ, ಫಿಯೊಕ್ಕೊ ಮತ್ತು ಸ್ಮಲಿನ್ ಎಂಬ ಇಬ್ಬರು ಅದನ್ನು ವಾಯುಮಂಡಲಕ್ಕೆ ಹೊಡೆದು ಹಿಂದಿರುಗಿದ ಬೆಳಕನ್ನು ಹಿಡಿದರು.

ಬೆಳಕಿನ ಮಾರ್ದನಿ

ಈ ಉಪಕರಣಕ್ಕೆ ಲೈಡಾರ್ ಎಂದು ಹೆಸರು. ರೇಡಾರಿನ ತಮ್ಮನೆಂದು ತಿಳಿದರೆ ಸಾಕು. ಅಣ್ಣನದು ರೇಡಿಯೊ ಅಲೆ, ತಮ್ಮನದು ಬೆಳಕು. ಅದರ ತತ್ತ್ವವು ಬೆಟ್ಟದ ಎದುರಿಗೆ ನಿಂತು ಕೂಗಿ ಮಾರ್ದನಿಗೆ ಕಿವಿಗೊಡುವ ಹುಡುಗನಿಗೂ ತಿಳಿದುದೇ. ಮಾರ್ದನಿ ತಡವಾಗಿ ಬಂದರೆ ಬೆಟ್ಟ ದೂರ, ಬೇಗ ಬಂದರೆ ಹತ್ತಿರ. ಬೆಳಕು ಸೆಕೆಂಡಿಗೆ ಸುಮಾರು ಮೂರು ಲಕ್ಷ ಕಿಲೋಮೀಟರ್ ಓಡುತ್ತದೆ. ಲೇಸರ್ ಮಿಡಿತ ಹೊರಟು ಒಂದು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ ಕಳೆದ ಮೇಲೆ ಬಂದ ಬೆಳಕು 150 ಮೀಟರ್ ಎತ್ತರದಿಂದ ಬಂದುದು. ಹತ್ತು ಕಿಲೋಮೀಟರ್ ಎತ್ತರದಿಂದ ಬರಲು ಅಂತಹ 67 ಭಾಗಗಳು ಸಾಕು. ಬೆಟ್ಟದ ಮಾರ್ದನಿ ಒಂದೇ. ಗಾಳಿ ಎಲ್ಲ ಎತ್ತರಗಳಲ್ಲಿಯೂ ಇರುವುದರಿಂದ ಇಲ್ಲಿ ಮಾರ್ದನಿ ಎಡೆಬಿಡದೆ ಬರುತ್ತದೆ. ಮಿಡಿತದ ಪಕ್ಕದಲ್ಲಿಯೇ ನಿಂತ ದೂರದರ್ಶಕ ಆ ಬೆಳಕನ್ನು ಕೂಡಿಸಿ ಕೊಡುತ್ತದೆ. ಬೆಳಕಿನ ಕಣಗಳನ್ನು ಒಂದೊಂದಾಗಿ ಎಣಿಸಬಲ್ಲ ನಳಿಕೆ ಯಾವ ಗಳಿಗೆಯಲ್ಲಿ ಎಷ್ಟು ಬಂದಿತೆಂದು ಬರೆದುಕೊಳ್ಳುತ್ತದೆ. ಒಂದು ಮಿಡಿತ ಮುಗಿಯುವಷ್ಟರಲ್ಲಿ ಆಕಾಶವನ್ನು ಬುಡದಿಂದ ತುದಿಯವರೆಗೆ ಸೀಳಿ ನೋಡಿದಂತಾಗುತ್ತದೆ. ಇಂತಹ ಹತ್ತಾರು ಮಿಡಿತಗಳು ಸೆಕೆಂಡಿಗೆ ಹೋಗುತ್ತವೆ.

ದೂಳು, ಹೊಗೆ, ಮೋಡದ ತಳ ಇವನ್ನು ಹೀಗೆ ಕಾಣುವುದು ಸುಲಭ. ಅವು ಬೆಳಕನ್ನು ಜೋರಾಗಿ ಚೆದರಿಸುತ್ತವೆ. ಆದರೆ ನಮಗೆ ಬೇಕಾದುದು ಆವಿ. ನೀರಿನ ಅಣುವೂ ಬೆಳಕನ್ನು ಚೆದರಿಸುತ್ತದೆ, ಸಾರಜನಕದ ಅಣುವೂ ಚೆದರಿಸುತ್ತದೆ. ಹಿಂದಿರುಗಿದ ಬೆಳಕಿಗೆ ಎರಡೂ ಒಂದೇ ಬಣ್ಣ ಕೊಟ್ಟರೆ ಯಾವುದು ಯಾರದೆಂದು ಹೇಗೆ ಹೇಳುವುದು? ಸಂತೆಯ ಗದ್ದಲದಲ್ಲಿ ಒಬ್ಬನ ದನಿಯನ್ನು ಗುರುತಿಸಬೇಕಾದರೆ ಆ ದನಿಗೆ ಅದರದೇ ಒಂದು ಗುರುತು ಇರಬೇಕು.

ಆ ಗುರುತನ್ನು ಕಂಡುಹಿಡಿದ ಕಥೆ ನಮ್ಮ ದೇಶದ್ದು.

ಸುಂಕದ ಕಟ್ಟೆ

1921ರಲ್ಲಿ ಯೂರೋಪಿನಿಂದ ಹಡಗಿನಲ್ಲಿ ಹಿಂದಿರುಗುತ್ತಿದ್ದ ಚಂದ್ರಶೇಖರ ವೆಂಕಟ ರಾಮನ್ನರು ಮೆಡಿಟರೇನಿಯನ್ ಸಮುದ್ರದ ದಟ್ಟ ನೀಲಿಯನ್ನು ಕಂಡು ಬೆರಗಾದರು. ಕಡಲಿನ ನೀಲಿ ಆಕಾಶದ ಪ್ರತಿಬಿಂಬವೆಂದು ಅಲ್ಲಿಯವರೆಗೆ ದೊಡ್ಡವರು ಹೇಳಿದ್ದರು. ರಾಮನ್ನರು ಜೊತೆಯಲ್ಲಿದ್ದ ಒಂದು ಪಟ್ಟಕದಿಂದ ಆಕಾಶದ ಪ್ರತಿಬಿಂಬವನ್ನು ತಡೆದು ನೋಡಿದರು, ನೀಲಿ ಮಾಯವಾಗಲಿಲ್ಲ. ಹಾಗಾದರೆ ನೀರಿನ ಅಣುಗಳೇ ಬೆಳಕನ್ನು ಚೆದರಿಸುತ್ತಿರಬೇಕು. ಅದೇ ಎಳೆಯನ್ನು ಹಿಡಿದು ಕಲ್ಕತ್ತೆಯಲ್ಲಿ ಶಿಷ್ಯರೊಡನೆ ಏಳು ವರ್ಷ ದುಡಿದರು. 1928ರ ಫೆಬ್ರವರಿ 28ರಂದು ಅವರಿಗೂ ಕೆ. ಎಸ್. ಕೃಷ್ಣನ್ನರಿಗೂ ಆ ಹೊಸ ಬೆಳಕು ಸ್ಪಷ್ಟವಾಗಿ ಗೋಚರಿಸಿತು. ಮಾರ್ಚಿ 16ರಂದು ಬೆಂಗಳೂರಿನಲ್ಲಿ, ದಕ್ಷಿಣ ಭಾರತ ವಿಜ್ಞಾನ ಸಂಘದ ಉದ್ಘಾಟನೆಯ ಸಂದರ್ಭದಲ್ಲಿ, “ಒಂದು ಹೊಸ ವಿಕಿರಣ” ಎಂಬ ವಿಷಯವಾಗಿ ಅವರು ಉಪನ್ಯಾಸ ಮಾಡಿದರು. 1930ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. 1933ರಿಂದ ಬೆಂಗಳೂರೇ ಅವರ ಊರಾಯಿತು.

ಅವರು ಕಂಡುದೇನು? ಅಣುವಿಗೆ ತಾಕಿದ ಬೆಳಕಿನಲ್ಲಿ ಬಹುಪಾಲು ಬಂದ ಬಣ್ಣದಲ್ಲಿಯೇ ಹಿಂದಿರುಗುತ್ತದೆ. ಅತ್ಯಲ್ಪ ಪಾಲು ಮಾತ್ರ ಅಣುವನ್ನು ಕಂಪಿಸುವಂತೆ ಮಾಡಿ, ಅದಕ್ಕಾಗಿ ತನ್ನ ಶಕ್ತಿಯಲ್ಲಿ ಸ್ವಲ್ಪವನ್ನು ತೆತ್ತು, ಬಣ್ಣ ಬದಲಿಸಿಕೊಂಡು ಬರುತ್ತದೆ. ಇದನ್ನು ಸುಂಕದ ಕಟ್ಟೆಯೆಂದು ಭಾವಿಸಬಹುದು. ಒಂದೊಂದು ಜಾತಿಯ ಅಣುವಿನ ಸುಂಕವೂ ನಿಗದಿಯಾದುದು, ಒಂದರದು ಇನ್ನೊಂದರಂತಿಲ್ಲ. ಹಿಂದಿರುಗಿದ ಪ್ರಯಾಣಿಕನ ಚೀಲದಲ್ಲಿ ಉಳಿದ ಹಣವನ್ನು ಎಣಿಸಿದರೆ ಅವನು ಯಾವ ಕಟ್ಟೆಯನ್ನು ಹಾದುಬಂದನೆಂದು ಹೇಳಿಬಿಡಬಹುದು.

ಇಂದಿನ ರಾಮನ್ ಲೈಡಾರುಗಳಲ್ಲಿ ಸಾಮಾನ್ಯವಾಗಿ 355 ನ್ಯಾನೊಮೀಟರ್ ಅಲೆಯುದ್ದದ, ಕಣ್ಣಿಗೆ ಕಾಣದ ಅತಿನೇರಿಳೆ ಬೆಳಕನ್ನು ಮೇಲಕ್ಕೆ ಕಳುಹಿಸುತ್ತಾರೆ. ಸಾರಜನಕಕ್ಕೆ ಸುಂಕ ತೆತ್ತ ಬೆಳಕು 387 ನ್ಯಾನೊಮೀಟರಿನಲ್ಲಿ ಹಿಂದಿರುಗುತ್ತದೆ. ನೀರಿನ ಆವಿಯ ಸುಂಕ ಹೆಚ್ಚು. ಅದಕ್ಕೆ ತೆತ್ತ ಬೆಳಕು ಸುಮಾರು 408ರಲ್ಲಿ ಬರುತ್ತದೆ. ಎರಡನ್ನೂ ಬೇರೆ ಬೇರೆ ಸೋಸಿ ಎಣಿಸುತ್ತಾರೆ. ಇನ್ನುಳಿದುದು ತಕ್ಕಡಿಯ ಕೆಲಸ. ಒಣ ಗಾಳಿಯಲ್ಲಿ ಸಾರಜನಕದ ಪಾಲು ಶೇಕಡ 78. ಅದು ಎಲ್ಲಿಯೂ ಬದಲಾಗದು. ಆದ್ದರಿಂದ ಅದೇ ತೂಕದ ಬಟ್ಟು. ಒಂದು ತಟ್ಟೆಯಲ್ಲಿ ಸಾರಜನಕದ ಬೆಳಕು, ಇನ್ನೊಂದರಲ್ಲಿ ಆವಿಯ ಬೆಳಕು. ಇವೆರಡರ ಪ್ರಮಾಣದಿಂದ, ಒಂದು ಕಿಲೋಗ್ರಾಂ ಒಣ ಗಾಳಿಗೆ ಇಷ್ಟು ಗ್ರಾಂ ಆವಿಯೆಂಬುದು ಒಂದೊಂದು ಎತ್ತರಕ್ಕೂ ಹೊರಬೀಳುತ್ತದೆ. ಲೇಸರ್ ಸ್ವಲ್ಪ ಮಂಕಾದರೂ, ದೂರದರ್ಶಕದ ಕನ್ನಡಿಯ ಮೇಲೆ ದೂಳು ಕುಳಿತರೂ ಎರಡು ತಟ್ಟೆಗಳೂ ಬಹುಮಟ್ಟಿಗೆ ಸಮವಾಗಿಯೇ ಹಗುರವಾಗುವುದರಿಂದ ಲೆಕ್ಕ ಅಷ್ಟಾಗಿ ಕೆಡುವುದಿಲ್ಲ. ತಕ್ಕಡಿಯನ್ನು ಮೊದಲು ಸರಿಪಡಿಸಿಕೊಳ್ಳಲು ಹಳೆಯ ಬಲೂನಿನ ಸಹಾಯವೇ ಬೇಕಾಗುತ್ತದೆ. ಹೊಸದು ಹಳೆಯದನ್ನು ಓಡಿಸಲಿಲ್ಲ.

ಕೇಳಲು ಸುಲಭ, ಮಾಡಲು ಬಹಳ ಕಷ್ಟ. ರಾಮನ್ ಬೆಳಕು ಸಾಮಾನ್ಯ ಚೆದರಿಕೆಗಿಂತ ಸುಮಾರು ಸಾವಿರ ಪಟ್ಟು ಮಂಕು. ಒಂದು ಮಿಡಿತದಲ್ಲಿ ಎಣಿಕೆಗೆ ಮೀರಿದ ಬೆಳಕಿನ ಕಣಗಳು ಮೇಲಕ್ಕೆ ಹೋಗುತ್ತವೆ. ಮೇಲಿನ ಪದರಗಳ ಆವಿಯಿಂದ ಒಂದೇ ಒಂದು ಕಣ ಹಿಂದಿರುಗಿದರೂ ಅದೇ ಭಾಗ್ಯ. ಆದ್ದರಿಂದ ಸಾವಿರಾರು ಮಿಡಿತಗಳ ಫಲವನ್ನು ಕೂಡಿಸಬೇಕು. 1969ರಲ್ಲಿ ಅಮೆರಿಕದ ಮೆಲ್ಫಿ, ಲಾರೆನ್ಸ್, ಮೆಕಾರ್ಮಿಕ್ ಎಂಬ ಮೂವರು ವಾಯುಮಂಡಲದ ಆವಿಯಿಂದ ಬಂದ ರಾಮನ್ ಬೆಳಕನ್ನು ಲೈಡಾರಿನಿಂದ ಹಿಡಿದುದನ್ನು ಪ್ರಕಟಿಸಿದರು. ರಾಮನ್ನರು ಆಗ ಬೆಂಗಳೂರಿನಲ್ಲಿ ಇನ್ನೂ ಬದುಕಿದ್ದರು. ಮರುವರ್ಷ, 1970ರ ನವೆಂಬರಿನಲ್ಲಿ ತೀರಿಕೊಂಡರು. ಕಡಲಿನ ನೀಲಿಯೇಕೆ ಎಂದು ಕೇಳಿದವನಿಗೆ ಸಿಕ್ಕಿದ ಉತ್ತರ, ನಲವತ್ತು ವರ್ಷಗಳ ಮೇಲೆ ಮಳೆ ಎಲ್ಲಿದೆಯೆಂದು ಕೇಳುವವರ ಕೈಗೆ ಬಂದಿತು.

ಸ್ವಿಟ್ಜರ್ಲೆಂಡಿನ ಪಯೆರ್ನ್ ಎಂಬ ಊರಿನಲ್ಲಿ 2008ರಿಂದ ಆ ದೇಶದ ಹವಾಮಾನ ಇಲಾಖೆಯೇ ಇಂತಹ ಲೈಡಾರನ್ನು ಹಗಲಿರುಳೂ ನಡೆಸತೊಡಗಿತು. ಹಗಲಿನಲ್ಲಿ ಸುಮಾರು 5 ಕಿಲೋಮೀಟರ್, ರಾತ್ರಿಯಲ್ಲಿ 10 ಕಿಲೋಮೀಟರಿನಷ್ಟು ಎತ್ತರದವರೆಗೂ ಅದು ಆವಿಯನ್ನು ಅಳೆಯುತ್ತದೆ. ಅಮೆರಿಕದ ಓಕ್ಲಹೋಮ ಬಯಲಿನಲ್ಲಿ 1990ರ ದಶಕದ ಉತ್ತರಾರ್ಧದಲ್ಲಿಯೇ ಇಂತಹುದೊಂದು ನೆಲೆಗೊಂಡಿತು. ಅದೇ ಬಯಲುಸೀಮೆಯಲ್ಲಿ 2002ರ ಮೇ–ಜೂನ್ ತಿಂಗಳುಗಳಲ್ಲಿ ನೆಲದ ಮೇಲೂ ವಿಮಾನಗಳಲ್ಲಿಯೂ ಲೈಡಾರುಗಳನ್ನು ನಿಲ್ಲಿಸಿ, ಬೇಸಗೆಯ ಗುಡುಗುಮಳೆ ಹುಟ್ಟುವ ಮೊದಲು ಆವಿ ಹೇಗೆ ಒಟ್ಟುಗೂಡುತ್ತದೆಂಬುದನ್ನು ಬೇಟೆಗಾರರಂತೆ ಬೆನ್ನಟ್ಟಿ ನೋಡಿದರು. ಅವರನ್ನು ಅಲ್ಲಿಗೆ ಕರೆದೊಯ್ದುದು ನಮ್ಮ ರೈತರ ಪ್ರಶ್ನೆಯೇ.

ಮೋಡದ ಬೀಜ

ಆವಿಯೊಂದರಿಂದಲೇ ಮೋಡವಾಗದು. ಹನಿ ಕಟ್ಟಲು ಆವಿಗೆ ಕುಳಿತುಕೊಳ್ಳುವ ಮಣೆಯೊಂದು ಬೇಕು. ದೂಳು, ಹೊಗೆ, ಕಡಲಿನ ಉಪ್ಪು, ಗಂಧಕದ ಸೂಕ್ಷ್ಮ ಕಣಗಳೇ ಆ ಮಣೆಗಳು. ಕಣಗಳಿಲ್ಲದಂತೆ ಸೋಸಿದ ಗಾಳಿಯಲ್ಲಿ ಮಂಜು ಕಟ್ಟುವುದಿಲ್ಲವೆಂದು ಸ್ಕಾಟ್ಲೆಂಡಿನ ಜಾನ್ ಐಟ್ಕೆನ್ 1880ರ ಸುಮಾರಿಗೇ ತೋರಿಸಿದ್ದರು. ಇವನ್ನು ಶಾಸ್ತ್ರಜ್ಞರು ಏರೋಸಾಲ್ ಎನ್ನುತ್ತಾರೆ, ನಾವು ತೇಲುಕಣಗಳೆನ್ನೋಣ. ಮಣೆಗಳು ಮಿತಿಯಾಗಿದ್ದರೆ ಒಂದೊಂದು ಹನಿಯೂ ಚೆನ್ನಾಗಿ ಬೆಳೆಯುತ್ತದೆ. ಅತಿಯಾದರೆ ಇರುವ ನೀರೇ ಹಂಚಿಹೋಗಿ ಹನಿಗಳು ಬಡವಾಗುತ್ತವೆ. ಮೋಡದ ಹನಿಗಳು ಹತ್ತು ಲಕ್ಷದಷ್ಟು ಕೂಡಿದರೆ ಒಂದು ಮಳೆಹನಿ. ಬಡ ಹನಿಗಳು ಕೂಡುವುದು ನಿಧಾನ. ಆದ್ದರಿಂದ ಹೊಗೆ ತುಂಬಿದ ಗಾಳಿಯಲ್ಲಿ ಮೋಡವಿದ್ದೂ ಮಳೆ ತಡವಾಗುವುದುಂಟು.

ಈ ಕಣಗಳನ್ನು ಹುಡುಕುವುದರಲ್ಲಿ ಲೈಡಾರಿಗೆ ಸಮನಾದುದು ಬಹಳವಿಲ್ಲ. 1964ರಲ್ಲಿಯೇ ಫಿಯೊಕ್ಕೊ ಮತ್ತು ಗ್ರಾಮ್ಸ್ ಸುಮಾರು 20 ಕಿಲೋಮೀಟರ್ ಎತ್ತರದಲ್ಲಿ ಕಣಗಳ ಪದರವೊಂದನ್ನು ಕಂಡರು. ಅದರ ಹಿಂದಿನ ವರ್ಷ ಬಾಲಿ ದ್ವೀಪದ ಆಗುಂಗ್ ಜ್ವಾಲಾಮುಖಿ ಸಿಡಿದಿತ್ತು. 1991ರ ಜೂನ್ 15ರಂದು ಫಿಲಿಪೈನ್ಸಿನ ಪಿನಾಟುಬೊ ಸಿಡಿದು ಸುಮಾರು ಎರಡು ಕೋಟಿ ಟನ್ ಗಂಧಕದ ಡೈಆಕ್ಸೈಡನ್ನು ಮೇಲಕ್ಕೆಸೆದಾಗ, ಆ ಮುಸುಕು ಭೂಮಿಯನ್ನು ಸುತ್ತುವುದನ್ನು ಹಲವು ದೇಶಗಳ ಲೈಡಾರುಗಳು ದಿನದಿನವೂ ಬರೆದಿಟ್ಟವು. ಮರುವರ್ಷ ಭೂಮಿಯ ಸರಾಸರಿ ಶಾಖ ಸುಮಾರು ಅರ್ಧ ಡಿಗ್ರಿ ಇಳಿಯಿತು. 1999ರ ಮೊದಲ ತಿಂಗಳುಗಳಲ್ಲಿ ಹಿಂದೂ ಮಹಾಸಾಗರದ ಮೇಲೆ ಹಲವು ದೇಶಗಳ ವಿಜ್ಞಾನಿಗಳು ಒಟ್ಟುಗೂಡಿ ಶೋಧಿಸಿದಾಗ, ನಮ್ಮ ಉಪಖಂಡದ ಕಡೆಯಿಂದ ಕಡಲಿಗೆ ಹರಿದಿದ್ದ ಹೊಗೆಯ ಪದರ 3 ಕಿಲೋಮೀಟರ್ ಎತ್ತರದವರೆಗೂ ನಿಂತಿರುವುದು ಲೈಡಾರಿನಲ್ಲಿ ಕಂಡಿತು. ಒಲೆಯ ಹೊಗೆ, ಯಂತ್ರದ ಹೊಗೆ, ವಾಹನದ ಹೊಗೆ ನಮ್ಮ ಮನೆಯ ಸೂರಿನಲ್ಲಿಯೇ ನಿಲ್ಲುವುದಿಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಹನಿಯೋ ಹಿಮವೋ ಎಂಬುದನ್ನೂ ಬೆಳಕು ಹೇಳಬಲ್ಲದು. ಒಂದೇ ದಿಕ್ಕಿನಲ್ಲಿ ಕಂಪಿಸುವಂತೆ ಕಟ್ಟಿದ ಬೆಳಕನ್ನು ಕಳುಹಿಸಿದರೆ, ಗುಂಡಾದ ನೀರಿನ ಹನಿ ಅದನ್ನು ಹಾಗೆಯೇ ಹಿಂದಿರುಗಿಸುತ್ತದೆ. ಮೂಲೆಮೊನೆಗಳುಳ್ಳ ಹಿಮದ ಹರಳು, ಮರುಭೂಮಿಯ ದೂಳು ಅದನ್ನು ಅಡ್ಡದಿಡ್ಡಿ ಮಾಡಿ ಕಳುಹಿಸುತ್ತವೆ.

ನಮ್ಮ ದೇಶದಲ್ಲಿ 1986ರಲ್ಲಿ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರು ಆರ್ಗಾನ್ ಲೇಸರಿನಿಂದ ತೇಲುಕಣಗಳನ್ನು ಅಳೆಯತೊಡಗಿದರು. 1998ರಲ್ಲಿ ತಿರುಪತಿಯ ಬಳಿಯ ಗಾದಂಕಿಯಲ್ಲಿ ಜಪಾನಿನ ಸಹಕಾರದಿಂದ ದೊಡ್ಡ ಲೈಡಾರೊಂದು ನಿಂತಿತು. ಅದರ ಹಸಿರು ಕಿರಣ ತೆಳುವಾದ ಹಿಮಮೋಡಗಳನ್ನೂ, ಅವುಗಳಿಗಿಂತ ಬಹು ಮೇಲಿನ ವಾಯುಪದರಗಳ ಶಾಖವನ್ನೂ ತಿಳಿಸಿಕೊಟ್ಟಿದೆ. ಆಕಾಶದಿಂದ ಕೆಳಗೆ ನೋಡುವ ಲೈಡಾರುಗಳೂ ಹುಟ್ಟಿದವು. 2006ರ ಏಪ್ರಿಲಿನಲ್ಲಿ ಹಾರಿದ ಕ್ಯಾಲಿಪ್ಸೊ ಎಂಬ ಉಪಗ್ರಹ 2023ರವರೆಗೆ ದುಡಿಯಿತು. 2024ರ ಮೇ ತಿಂಗಳಿನಲ್ಲಿ ಯೂರೋಪು ಮತ್ತು ಜಪಾನ್ ಕೂಡಿ ಅರ್ಥ್‌ಕೇರ್ ಎಂಬುದನ್ನು ಹಾರಿಸಿದವು.

ಬೆಳಕು ಸೋಲುವ ಜಾಗ

ಇಷ್ಟೆಲ್ಲ ಹೇಳಿದ ಮೇಲೆ ಅದರ ದೌರ್ಬಲ್ಯವನ್ನು ಮುಚ್ಚಿಡುವುದು ನ್ಯಾಯವಲ್ಲ. ಮೋಡದ ಜನ್ಮವೃತ್ತಾಂತವನ್ನು ಬಲ್ಲ ಈ ಬೆಳಕು ಮೋಡ ಬಂದು ನಿಂತೊಡನೆ ಕುರುಡಾಗುತ್ತದೆ. ದಟ್ಟವಾದ ಮೋಡದೊಳಗೆ ಕೆಲವು ನೂರು ಮೀಟರ್ ಹೋಗುವಷ್ಟರಲ್ಲಿಯೇ ಅದು ಕರಗಿಹೋಗುತ್ತದೆ. ಆಚೆಗೆ ಏನಿದೆಯೆಂದು ಹೇಳಲಾರದು. ಅಲ್ಲಿಂದ ಮುಂದಿನ ಕೆಲಸ ಅಣ್ಣನಾದ ರೇಡಾರಿನದು. ಅರ್ಥ್‌ಕೇರ್ ಉಪಗ್ರಹದಲ್ಲಿ ಅಣ್ಣತಮ್ಮಂದಿರಿಬ್ಬರನ್ನೂ ಒಟ್ಟಿಗೆ ಕೂರಿಸಿರುವುದು ಈ ಕಾರಣಕ್ಕಾಗಿ. ಹಗಲಿನ ಬಿಸಿಲೂ ರಾಮನ್ ಬೆಳಕಿಗೆ ಶತ್ರು; ನಡುಮಧ್ಯಾಹ್ನದ ಆಕಾಶದಲ್ಲಿ ಆ ಮಂಕು ಬೆಳಕನ್ನು ಹುಡುಕುವುದು ಬಿಸಿಲಿನಲ್ಲಿ ಮಿಣುಕುಹುಳುವನ್ನು ಹುಡುಕಿದಂತೆ. ಯಂತ್ರವೂ ದುಬಾರಿ, ಅದನ್ನು ನೋಡಿಕೊಳ್ಳುವವರೂ ಪಳಗಿದವರಾಗಿರಬೇಕು. ಒಂದು ಲೈಡಾರ್ ಅಳೆಯುವುದು ತನ್ನ ತಲೆಯ ಮೇಲಿನ ಆಕಾಶವನ್ನು. ಹತ್ತು ಹರದಾರಿಯಾಚೆಯ ಕಣದ ಮೇಲಿನ ಆಕಾಶವನ್ನಲ್ಲ.

ಆದುದರಿಂದ ಪತ್ರ ಬರೆದ ಮಿತ್ರರಿಗೆ ನನ್ನ ಉತ್ತರ ಇದು. ನಿಮ್ಮ ತಲೆಯ ಮೇಲಿನ ನೀರನ್ನು ಮನುಷ್ಯ ಅಳೆಯಬಲ್ಲ. ಗ್ರಾಂ ಲೆಕ್ಕದಲ್ಲಿ, ನಿಮಿಷಗಳ ಲೆಕ್ಕದಲ್ಲಿ, ಮಾಳಿಗೆ ಮಾಳಿಗೆಯಾಗಿ ಅಳೆಯಬಲ್ಲ. ಆದರೆ ಊರೂರಿನ ಮೇಲೆಯೂ ಅಳೆಯುವ ದಿನ ಇನ್ನೂ ಬಂದಿಲ್ಲ. ಮುನ್ಸೂಚನೆಯೆಂಬುದು ಒಂದು ದೊಡ್ಡ ಗಣಿತ. ಈ ಗಳಿಗೆಯಲ್ಲಿ ಗಾಳಿ ಹೇಗಿದೆಯೆಂಬುದನ್ನು ಅದಕ್ಕೆ ಮೊದಲು ಹೇಳಿಕೊಡಬೇಕು. ಮೊದಲ ಸಾಲಿನಲ್ಲಿ ಒಂದು ಗ್ರಾಂ ತಪ್ಪಿದರೆ ಉತ್ತರದಲ್ಲಿ ಒಂದು ಮಳೆಯೇ ತಪ್ಪಬಹುದು. ನಿಮ್ಮ ಕಣವನ್ನು ನೆನೆಸಿದ ಮಳೆಯನ್ನು ಯಾರೂ ಬಚ್ಚಿಟ್ಟಿರಲಿಲ್ಲ. ಅದು ಬೆಳಿಗ್ಗೆ ನಿಮ್ಮ ಎದುರಿಗೇ ಇತ್ತು. ಓದುವ ಕಣ್ಣು ಅಲ್ಲಿರಲಿಲ್ಲ.

ಭೂಮಿಯ ಶಾಖ ಒಂದು ಡಿಗ್ರಿ ಏರಿದರೆ ಗಾಳಿ ಹೊರಬಲ್ಲ ಆವಿ ಶೇಕಡ 7ರಷ್ಟು ಹೆಚ್ಚುತ್ತದೆ. ಶಾಖ ಏರುತ್ತಿದೆ. ಇನ್ನು ಮುಂದೆ ಶುಭ್ರವಾದ ಬೆಳಗಿನ ಆಕಾಶ ನಮ್ಮ ಅಜ್ಜಂದಿರು ಕಂಡುದಕ್ಕಿಂತ ಹೆಚ್ಚು ನೀರನ್ನು ಅಡಗಿಸಿಕೊಂಡಿರುತ್ತದೆ. ಕಣ್ಣಳತೆಯ ಅನುಭವವೊಂದನ್ನೇ ನಂಬಿ ಕಣ ಹರವುವ ಕಾಲ ದೂರವಾಗುತ್ತಿದೆ. ಅಳೆಯುವ ಯಂತ್ರಗಳ ಖರ್ಚು ದೊಡ್ಡದೆಂದು ಹೇಳುವವರು, ನೆನೆದು ಮೊಳೆತ ರಾಗಿಯ ಖರ್ಚನ್ನೂ ಅದೇ ಪುಸ್ತಕದಲ್ಲಿ ಬರೆದು ಕೂಡಿಸಿ ನೋಡಲಿ.

ಅಲ್ಲಿಯವರೆಗೆ, ಮಿತ್ರರೇ, ಮುಂದಿನ ಸುಗ್ಗಿಗೆ ಕಣದ ಪಕ್ಕದಲ್ಲಿ ಒಂದು ಟಾರ್ಪಾಲನ್ನು ಸಿದ್ಧವಾಗಿಡಿ. ವಿಜ್ಞಾನಿಗಳೂ ಇದಕ್ಕಿಂತ ಒಳ್ಳೆಯ ಬುದ್ಧಿವಾದವನ್ನು ಇಂದು ಹೇಳಲಾರರು.